ಆಫ್ರಿಕಾದ ದನಿಗಳನ್ನು ಕೂಡಿಟ್ಟ ಇಬ್ರಾಹಿಮಾ ಸಿಲ್ಲಾ

ಮಾಲಿಯ ಸಲೀಫ್ ಕೇಟಾ, ಕಾಸೆ ಮಾದಿ ಜಬಾತೆ, ಸೆನೆಗಲ್‌ನ ಬಾಬಾ ಮಾಲ್. ಪಶ್ಚಿಮ ಆಫ್ರಿಕಾದ ಸಂಗೀತವನ್ನು ಹೊರಜಗತ್ತಿಗೆ ಪರಿಚಯಿಸಿದ ಗಾಯಕರಲ್ಲಿ ಈ ಮೂವರಿಗೂ ವಿಶಿಷ್ಟ ಸ್ಥಾನವಿದೆ. 1980ರ ದಶಕದಲ್ಲಿ ಇವರು ಹೊರತಂದ ಮಹತ್ವದ ಧ್ವನಿಮುದ್ರಿಕೆಗಳ ಹಿಂದೆ ಒಬ್ಬರೇ ನಿರ್ಮಾಪಕರಿದ್ದರು. ಅವರೇ ‘ಸಿಲಾರ್ಟ್’ ಸಂಸ್ಥೆಯ ಸ್ಥಾಪಕ ಇಬ್ರಾಹಿಮಾ ಸಿಲ್ಲಾ (1956–2013). ಆಫ್ರಿಕಾದ ಸಂಗೀತವನ್ನು ಯುರೋಪಿನ ಕಂಪನಿಗಳು ಮಾರತೊಡಗಿದ್ದ ಕಾಲದಲ್ಲಿ, ಆಫ್ರಿಕನ್ನನೊಬ್ಬನೇ ಹಣ ಹೂಡಿ, ಮೂಲ ಧ್ವನಿಮುದ್ರಣಗಳ ಒಡೆತನವನ್ನೂ ತನ್ನಲ್ಲೇ ಉಳಿಸಿಕೊಳ್ಳಬಹುದು ಎಂಬುದನ್ನು ತೋರಿಸಿಕೊಟ್ಟವರು ಅವರು.

ಕ್ಯೂಬಾದ ನಂಟು

ಸಿಲ್ಲಾ ಜನಿಸಿದ್ದು ಸೆನೆಗಲ್‌ನ ಪ್ರತಿಷ್ಠಿತ ಮುಸ್ಲಿಂ ಧಾರ್ಮಿಕ ಮನೆತನವೊಂದರಲ್ಲಿ. ವ್ಯಾಸಂಗಕ್ಕೆಂದು ಪ್ಯಾರಿಸ್‌ಗೆ ತೆರಳಿದ ಅವರಿಗೆ ಕ್ಯೂಬಾ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುವ ಗೀಳು ಹಿಡಿಯಿತು. ಈ ಆಸಕ್ತಿಗೆ ಚಾರಿತ್ರಿಕ ಹಿನ್ನೆಲೆಯೂ ಇದೆ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ತಾಳಗಳು ಕ್ಯೂಬಾದಲ್ಲಿ ಸ್ಪ್ಯಾನಿಷ್ ಗಾಯನದೊಂದಿಗೆ ಬೆರೆತು, 1930ರ ದಶಕದಿಂದ ಗ್ರಾಮಫೋನ್ ತಟ್ಟೆಗಳ ರೂಪದಲ್ಲಿ ಆಫ್ರಿಕಾದ ಬಂದರುಗಳಿಗೆ ಮರಳಿದ್ದವು. 1960ರಲ್ಲಿ ಸ್ವತಂತ್ರಗೊಂಡ ಸೆನೆಗಲ್‌ನ ನೈಟ್‌ಕ್ಲಬ್‌ಗಳಲ್ಲಿ ವಾದ್ಯವೃಂದಗಳು ಹೆಚ್ಚಾಗಿ ನುಡಿಸುತ್ತಿದ್ದುದು ಇದೇ ಸಂಗೀತವನ್ನು. ಅದೂ ಹಲವೊಮ್ಮೆ ಹಾಡುವವರಿಗೇ ಅರ್ಥವಾಗದ ಸ್ಪ್ಯಾನಿಷ್ ಪದಗಳೊಂದಿಗೆ.

ಕ್ಯಾಸೆಟ್ ಯುಗದ ಲೆಕ್ಕಾಚಾರ

1980ರ ದಶಕದ ಆರಂಭದಲ್ಲಿ ಸಿಲ್ಲಾ ನಿರ್ಮಾಣಕ್ಕಿಳಿದಾಗ ಪಶ್ಚಿಮ ಆಫ್ರಿಕಾದಲ್ಲಿ ಸುಸಜ್ಜಿತ ಸ್ಟುಡಿಯೋಗಳು ವಿರಳವಾಗಿದ್ದವು. ಅವರು ಗಾಯಕರನ್ನು ಪ್ಯಾರಿಸ್‌ಗೆ ಕರೆಸಿ, ಸ್ಟುಡಿಯೋ ಬಾಡಿಗೆ ಹಾಗೂ ವಾದ್ಯಗಾರರ ಸಂಭಾವನೆಯನ್ನು ತಾವೇ ಭರಿಸಿ, ಹಾಡುಗಳನ್ನು ಮುದ್ರಿಸುತ್ತಿದ್ದರು. ಡಕಾರ್, ಅಬಿಜಾನ್, ಬಮಾಕೊ ನಗರಗಳ ಮಾರುಕಟ್ಟೆಗೆ ಕ್ಯಾಸೆಟ್. ಯುರೋಪಿನಲ್ಲಿ ನೆಲೆಸಿದ ವಲಸಿಗರಿಗೂ ಕುತೂಹಲಿ ಕೇಳುಗರಿಗೂ ಎಲ್.ಪಿ. ತಟ್ಟೆ. ಲಂಡನ್‌ನ ‘ಸ್ಟರ್ನ್ಸ್’ ಸಂಸ್ಥೆ ಅವರ ಅನೇಕ ಧ್ವನಿಮುದ್ರಿಕೆಗಳನ್ನು ಆಫ್ರಿಕಾದಾಚೆಗೆ ತಲುಪಿಸಿತು.

ಆಫ್ರಿಕಾದ ಮಾರುಕಟ್ಟೆಯಲ್ಲಿ ನಕಲಿ ಕ್ಯಾಸೆಟ್‌ಗಳ ಹಾವಳಿ ವಿಪರೀತವಾಗಿತ್ತು. ಹಾಡು ಜನಪ್ರಿಯವಾದಷ್ಟೂ ನಕಲು ಹೆಚ್ಚುತ್ತಿತ್ತು. ಆ ಮಾರಾಟದಲ್ಲಿ ನಿರ್ಮಾಪಕನಿಗಾಗಲಿ ಗಾಯಕನಿಗಾಗಲಿ ಚಿಕ್ಕಾಸೂ ದಕ್ಕುತ್ತಿರಲಿಲ್ಲ. ಹೀಗಾಗಿ ಹೂಡಿದ ಹಣ ಮರಳಬೇಕಾದರೆ ಯುರೋಪಿನ ಕೇಳುಗರನ್ನೂ ಒಲಿಸಿಕೊಳ್ಳುವುದು ಅನಿವಾರ್ಯವಾಗಿತ್ತು.

‘ಸೋರೋ’ ತಂದ ತಿರುವು

ಈ ಪ್ರಯತ್ನಕ್ಕೆ ದೊರೆತ ದೊಡ್ಡ ಗೆಲುವು 1987ರಲ್ಲಿ ಹೊರಬಂದ ಸಲೀಫ್ ಕೇಟಾ ಅವರ ‘ಸೋರೋ’. ಮಾಲಿ ಸಾಮ್ರಾಜ್ಯದ ಸ್ಥಾಪಕ ಸುಂಜಾಟಾನ ವಂಶಸ್ಥರೆನಿಸಿದ ಕೇಟಾ ಮನೆತನದವರಿಗೆ ಹಾಡುವ ವೃತ್ತಿ ನಿಷಿದ್ಧ. ಆ ಕಟ್ಟಳೆಯನ್ನು ಮುರಿದು ಗಾಯಕರಾದ ಸಲೀಫ್, 1984ರಲ್ಲಿ ಪ್ಯಾರಿಸ್‌ಗೆ ಬಂದು ನೆಲೆಸಿದ್ದರು. ಫ್ರೆಂಚ್ ಸಂಗೀತಗಾರರಾದ ಫ್ರಾಂಸ್ವಾ ಬ್ರೆಯಾಂ ಮತ್ತು ಜಾನ್-ಫಿಲಿಪ್ ರಿಕಿಯೆಲ್ ಅವರ ನೆರವಿನಿಂದ ಸಿಲ್ಲಾ ಆ ಕಂಠಕ್ಕೆ ಸಿಂಥೆಸೈಸರ್, ಕಹಳೆಗಳು ಹಾಗೂ ಸ್ತ್ರೀಕಂಠಗಳ ಮೇಳದ ಸಾಥ್ ಒದಗಿಸಿದರು. ಅದೇ ವರ್ಷ ಲಂಡನ್‌ನಲ್ಲಿ ಸಭೆ ಸೇರಿದ ಸಣ್ಣ ಸಂಗೀತ ಸಂಸ್ಥೆಗಳು, ಅಂಗಡಿಗಳಲ್ಲಿ ಇಂತಹ ಧ್ವನಿಮುದ್ರಿಕೆಗಳನ್ನು ಒಂದೆಡೆ ಜೋಡಿಸಿಡಲು ‘ವರ್ಲ್ಡ್ ಮ್ಯೂಸಿಕ್’ ಎಂಬ ಹಣೆಪಟ್ಟಿಯನ್ನು ಆಯ್ದುಕೊಂಡವು. ‘ಸೋರೋ’ ಆ ಹೊಸ ವರ್ಗದ ಮೊದಲ ಸಾಲಿನ ಕೃತಿಗಳಲ್ಲಿ ಒಂದಾಯಿತು.

ಬಾಬಾ ಮಾಲ್ ಅವರ ‘ವಾಂಗೋ’ (1988), ಕಾಸೆ ಮಾದಿ ಅವರ ‘ಫೋದೆ’ (1989) ಇದರ ಬೆನ್ನಿಗೇ ಬಂದವು. ಆದರೆ ವಿದ್ಯುನ್ಮಾನ ವಾದ್ಯಗಳ ಅಬ್ಬರದಲ್ಲಿ ಮೂಲದ ಸೊಗಡು ಕಳೆದುಹೋಗುತ್ತಿದೆ ಎಂಬ ಆಕ್ಷೇಪವೂ ಪ್ಯಾರಿಸ್‌ನ ಈ ಶೈಲಿಗೆ ಎದುರಾಯಿತು.

ಮರಳಿ ವಾದ್ಯಗಳೆಡೆಗೆ

1990ರ ದಶಕದಲ್ಲಿ ಸಿಲ್ಲಾ ದಿಕ್ಕು ಬದಲಿಸಿದರು. ಕ್ಯೂಬಾದಲ್ಲಿ ಸಂಗೀತ ಕಲಿತಿದ್ದ ಮಾಲಿಯ ಬೊನ್ಕಾನಾ ಮೈಗಾ ಅವರೊಡಗೂಡಿ, ಸೆನೆಗಲ್‌ನ ಗಾಯಕರನ್ನೂ ನ್ಯೂಯಾರ್ಕ್‌ನ ಸಾಲ್ಸಾ ವಾದ್ಯಗಾರರನ್ನೂ ಒಂದುಗೂಡಿಸಿ ‘ಆಫ್ರಿಕಾಂಡೋ’ ತಂಡ ಕಟ್ಟಿದರು. ಯೌವನದಲ್ಲಿ ಸಂಗ್ರಹಿಸಿದ ತಟ್ಟೆಗಳ ಸಂಗೀತಕ್ಕೆ ವೊಲೊಫ್ ನುಡಿಯ ಸಾಹಿತ್ಯ ಬಂತು. ಕಾಂಗೋ ರುಂಬಾದ ಹಿರಿಯರಿಗಾಗಿ ‘ಕೆಕೆಲೆ’, ಮಾಂಡೆ ಪರಂಪರೆಯ ಗಾಯಕರಿಗಾಗಿ ‘ಮಾಂಡೆಕಾಲು’ ರೂಪುಗೊಂಡವು. 2005ರಲ್ಲಿ ಹೊರಬಂದ ತ್ಯೋನ್ ಸೆಕ್ ಅವರ ‘ಓರಿಯೆಂಟೇಶನ್’ನಲ್ಲಿ ಸೆನೆಗಲ್‌ನ ದನಿಗೆ ಈಜಿಪ್ಟ್ ಮತ್ತು ಭಾರತದ ವಾದ್ಯಗಾರರು ಜತೆಯಾದರು.

ಈ ಪೈಕಿ ‘ಮಾಂಡೆಕಾಲು’ ಯೋಜನೆಗೆ ಹೆಚ್ಚಿನ ಮಹತ್ವವಿದೆ. ರಾಜರ, ಮನೆತನಗಳ ವಂಶಾವಳಿಯನ್ನು ನೆನಪಿನಿಂದಲೇ ಹಾಡುವ ‘ಗ್ರಿಯೋ’ಗಳ ವಿದ್ಯೆ ಕಂಠದಿಂದ ಕಂಠಕ್ಕೆ ಹರಿದುಬಂದುದು. ಹಾಡುವವರು ಅಳಿದರೆ ಹಾಡೂ ಅಳಿಯುತ್ತದೆ. ಆಶ್ರಯದಾತರನ್ನು ಹೆಸರಿಡಿದು ಕೊಂಡಾಡುವುದೂ ಅವರ ಸಂಪ್ರದಾಯ. ಹೀಗಾಗಿ ಸಿಲ್ಲಾ ಅವರ ಹೆಸರು ಆ ಭಾಗದ ಹಲವಾರು ಹಾಡುಗಳಲ್ಲಿ ಕೇಳಿಬರುತ್ತದೆ.

ಕೊನೆಯ ಕೆಲಸ

ಮಾಲಿಯ ಖ್ಯಾತ ಗ್ರಿಯೋ ಗಾಯಕಿ ಕಂಜಾ ಕುಯಾತೆ ಅವರ ‘ಕಿಟಾ ಕಾನ್’ (1999) ಕೂಡ ಸಿಲ್ಲಾ ನಿರ್ಮಾಣವೇ. 2004ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಆಕೆ ವರ್ಷಗಟ್ಟಲೆ ಹಾಡಲಿಲ್ಲ. ಆಕೆಯನ್ನು ಒಪ್ಪಿಸಿ ಮತ್ತೆ ಸ್ಟುಡಿಯೋಗೆ ಕರೆತಂದವರು ಸಿಲ್ಲಾ. ಆದರೆ ಆ ಕೆಲಸ ಪೂರ್ಣಗೊಳ್ಳುವ ಮೊದಲೇ, 2013ರ ಡಿಸೆಂಬರ್ 30ರಂದು ಅವರು ಪ್ಯಾರಿಸ್‌ನಲ್ಲಿ ನಿಧನರಾದರು. ಅವರಿಗೆ 57 ವರ್ಷ ವಯಸ್ಸಾಗಿತ್ತು.

ಸಂಸ್ಥೆಯ ಹೊಣೆ ಹೊತ್ತ ಪುತ್ರಿ ಬಿನೆತು ಸಿಲ್ಲಾ, ತಂದೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸಿದರು. ಕಂಜಾ ಅವರ ಆ ಧ್ವನಿಮುದ್ರಿಕೆ 2015ರಲ್ಲಿ ಬಿಡುಗಡೆಯಾಯಿತು. ಹೆಸರು ‘ರಿನೇಸೆನ್ಸ್’, ಅಂದರೆ ಮರುಹುಟ್ಟು. ಕಾಯಿಲೆಯ ನಂತರ ಆಕೆಯ ಕಂಠ ಮೊದಲಿಗಿಂತ ತಗ್ಗಿತ್ತು, ಗಡುಸಾಗಿತ್ತು. ಆ ದನಿ ಇದ್ದಂತೆಯೇ ಕೇಳುಗರನ್ನು ತಲುಪಿತು.