ಬನ್ ಇಲ್ಲ, ಕೆಚಪ್ ಕೇಳುವಂತಿಲ್ಲ: 1895ರಿಂದ ಒಂದೇ ಕುಟುಂಬದ ಕೈಯಲ್ಲಿರುವ ಅಮೆರಿಕದ ಬರ್ಗರ್ ಹೋಟೆಲ್ 'ಲೂಯೀಸ್ ಲಂಚ್'

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದ ಕ್ರೌನ್ ಸ್ಟ್ರೀಟ್‌ನಲ್ಲಿ ಇಟ್ಟಿಗೆಯ ಪುಟ್ಟ ಕಟ್ಟಡವೊಂದಿದೆ. ಹೆಸರು ಲೂಯೀಸ್ ಲಂಚ್. ಹ್ಯಾಂಬರ್ಗರ್ ಹುಟ್ಟಿದ್ದೇ ನಮ್ಮಲ್ಲಿ, ಅದೂ 1900ರಲ್ಲಿ ಎಂಬುದು ಇದನ್ನು ನಡೆಸುತ್ತಿರುವ ಲಾಸೆನ್ ಕುಟುಂಬದ ಮಾತು. ಈ ಮಾತಿಗೆ ಅಮೆರಿಕದಲ್ಲೇ ಕನಿಷ್ಠ ನಾಲ್ಕು ಊರುಗಳ ತಕರಾರಿದೆ. ಆದರೆ ಹೋಟೆಲ್‌ನ ನಿಜವಾದ ಕಥೆ ಇರುವುದು 'ಮೊದಲು ಮಾಡಿದ್ದು ಯಾರು' ಎನ್ನುವುದರಲ್ಲಿ ಅಲ್ಲ. ನಗರಾಭಿವೃದ್ಧಿಯ ಹೆಸರಿನಲ್ಲಿ ಕಟ್ಟಡವೇ ನೆಲಸಮವಾಗಬೇಕಿದ್ದಾಗ ಅದು ಉಳಿದ ರೀತಿಯಲ್ಲಿದೆ.

ನ್ಯೂ ಹೇವನ್ ದೊಡ್ಡ ನಗರವೇನಲ್ಲ. 2020ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 1.34 ಲಕ್ಷ. ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ. ಯೇಲ್ ವಿಶ್ವವಿದ್ಯಾಲಯ ಇರುವ ಊರು ಎಂದರೆ ಬೇಗ ಗುರುತು ಸಿಗುತ್ತದೆ. ಚೆನ್ನೈ ಓದುಗರಿಗೆ ಇಲ್ಲೊಂದು ನಂಟೂ ಇದೆ: ಆ ವಿಶ್ವವಿದ್ಯಾಲಯಕ್ಕೆ ಹೆಸರು ಬಂದಿರುವುದು ಎಲಿಹು ಯೇಲ್‌ನಿಂದ. ಈತ 1687ರಿಂದ 1692ರವರೆಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವನು. ಆತ ಕಳುಹಿಸಿದ ಸರಕು ಮಾರಿ ಬಂದ ಹಣಕ್ಕೆ ಕೃತಜ್ಞತೆಯಾಗಿ 1718ರಲ್ಲಿ ಕಾಲೇಜಿಗೆ ಅವನ ಹೆಸರಿಟ್ಟರು.

ಇರಲಿ, ಬರ್ಗರ್ ವಿಷಯಕ್ಕೆ ಬರೋಣ. ಡೆನ್ಮಾರ್ಕ್‌ನಿಂದ ವಲಸೆ ಬಂದ ಲೂಯಿ ಲಾಸೆನ್ 1895ರಲ್ಲಿ ಊಟದ ಗಾಡಿಯೊಂದನ್ನು ಶುರು ಮಾಡಿದರು. ಸ್ಟೀಕ್ ಸ್ಯಾಂಡ್‌ವಿಚ್ ಅವರ ಮುಖ್ಯ ವ್ಯಾಪಾರ. ಕುಟುಂಬ ಹೇಳುವ ಪ್ರಕಾರ, 1900ರಲ್ಲಿ ಒಂದು ದಿನ ಅವಸರದಲ್ಲಿದ್ದ ಗಿರಾಕಿಯೊಬ್ಬರು ಬಂದು, ನಡೆಯುತ್ತಲೇ ತಿನ್ನುವಂಥದ್ದು ಏನಾದರೂ ಬೇಗ ಕೊಡಿ ಎಂದರು. ಲೂಯಿ ಅವರು ಮಾಂಸದ ಕೈಮಾವನ್ನು ತಟ್ಟಿ, ಸುಟ್ಟು, ಎರಡು ತುಂಡು ಬ್ರೆಡ್ ನಡುವೆ ಇಟ್ಟು ಕೊಟ್ಟರು.

ಅಂದು ಇಟ್ಟ ಬ್ರೆಡ್ ಇಂದಿಗೂ ಹಾಗೇ ಇದೆ. ಇಲ್ಲಿ ಬರ್ಗರ್‌ಗೆ ದುಂಡನೆಯ ಬನ್ ಬಳಸುವುದಿಲ್ಲ. ಟೋಸ್ಟ್ ಮಾಡಿದ ಬಿಳಿ ಬ್ರೆಡ್. ಆ ಟೋಸ್ಟರ್ 1929ರ ಮಾದರಿಯದು. ಒಲೆಗಳು ಅದಕ್ಕಿಂತ ಹಳೆಯವು. 1898ರ ಕಾಲದ ಎರಕದ ಕಬ್ಬಿಣದ ಗ್ಯಾಸ್ ಒಲೆಗಳಿವು, ನೋಡಲು ನಿಂತಿರುವ ಪೆಟ್ಟಿಗೆಗಳ ಹಾಗೆ. ಕೈಮಾದ ಬಿಲ್ಲೆಯನ್ನು ತಂತಿಯ ಜಾಲರಿಯಲ್ಲಿ ಒತ್ತಿ ಹಿಡಿದು ಈ ಪೆಟ್ಟಿಗೆಯೊಳಗೆ ನೇರವಾಗಿ ನಿಲ್ಲಿಸುತ್ತಾರೆ. ಕಾವಲಿಯ ಮೇಲೆ ಮಗುಚಿ ಹಾಕುವ ಕೆಲಸವಿಲ್ಲ. ಎರಡೂ ಬದಿಗೆ ಒಟ್ಟಿಗೇ ಉರಿ ತಾಗುತ್ತದೆ, ಕೊಬ್ಬು ಕೆಳಕ್ಕೆ ಇಳಿದು ಹೋಗುತ್ತದೆ. ಒಲೆ ಹಿಡಿಯುವಷ್ಟು ಮಾತ್ರ ಒಂದು ಸಲಕ್ಕೆ ಬೇಯುತ್ತದೆ, ಹಾಗಾಗಿ ಜನ ಹೆಚ್ಚಿದ್ದರೆ ಕಾಯಲೇಬೇಕು. ಅವಸರದ ಗಿರಾಕಿಗಾಗಿ ಹುಟ್ಟಿದ ತಿಂಡಿ ಎನ್ನುವ ಕಥೆಗೆ ಇದು ತುಸು ತಮಾಷೆಯ ಮುಂದುವರಿಕೆ!

ಬರ್ಗರ್ ಜತೆಗೆ ಸಿಗುವುದು ಮೂರೇ: ಚೀಸ್, ಟೊಮೆಟೊ, ಈರುಳ್ಳಿ. ಮೂರೂ ಬೇಕಿದ್ದರೆ 'ವರ್ಕ್ಸ್' ಎಂದು ಹೇಳಿದರೆ ಸಾಕು. ಕೆಚಪ್, ಸಾಸಿವೆ ಸಾಸ್, ಮೇಯೊನೀಸ್ ಯಾವುದೂ ಇಲ್ಲ. ಕೇಳಿದರೂ ಕೊಡುವುದಿಲ್ಲ. ಮಾಂಸವನ್ನು ದಿನವೂ ಹೊಸದಾಗಿ ರುಬ್ಬಿಸುತ್ತೇವೆ, ಅದರ ರುಚಿಯನ್ನು ಸಾಸ್ ಮುಚ್ಚಿಹಾಕಬಾರದು ಎಂಬುದು ಅವರ ವಾದ. ಬೆಂಗಳೂರಿನ ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನದಲ್ಲಿ ದೋಸೆಗೆ ಸಾಂಬಾರ್ ಕೇಳಿ ಚಟ್ನಿಯಲ್ಲೇ ತೃಪ್ತಿಪಟ್ಟವರಿಗೆ ಈ ಹಠ ಹೊಸದೇನೂ ಅನ್ನಿಸದು.

ಮೊದಲಿಗರು ಯಾರು?

ಲೂಯೀಸ್ ಲಂಚ್ ಬಗ್ಗೆ ಬರೆಯುವವರೆಲ್ಲ 'ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನೇ ಹ್ಯಾಂಬರ್ಗರ್‌ನ ಜನ್ಮಸ್ಥಳ ಎಂದು ಒಪ್ಪಿದೆ' ಎನ್ನುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೈಬ್ರರಿ ತನ್ನ 200ನೇ ವರ್ಷದ ಅಂಗವಾಗಿ 2000ನೇ ಇಸವಿಯಲ್ಲಿ 'ಲೋಕಲ್ ಲೆಗಸೀಸ್' ಎಂಬ ಯೋಜನೆ ನಡೆಸಿತ್ತು. ಸಂಸದರು ತಮ್ಮ ತಮ್ಮ ಕ್ಷೇತ್ರದ ಸ್ಥಳೀಯ ಪರಂಪರೆಗಳನ್ನು ಸೂಚಿಸಬೇಕಿತ್ತು. ನ್ಯೂ ಹೇವನ್‌ನ ಸಂಸದೆ ರೋಸಾ ಡಿಲಾರೊ ಲೂಯೀಸ್ ಲಂಚ್ ಹೆಸರು ಕಳುಹಿಸಿದರು. ಅಂದರೆ ಇದು ದಾಖಲಾತಿ; ಇತಿಹಾಸಕಾರರು ತನಿಖೆ ಮಾಡಿ ಕೊಟ್ಟ ತೀರ್ಪಲ್ಲ.

ಪೈಪೋಟಿಗೆ ಇರುವವರ ಪಟ್ಟಿಯೂ ಉದ್ದವಿದೆ. ವಿಸ್ಕಾನ್ಸಿನ್ ರಾಜ್ಯದ ಸೀಮೋರ್ ಊರಿನವರು, 1885ರ ಜಾತ್ರೆಯಲ್ಲಿ ಚಾರ್ಲಿ ನಗ್ರೀನ್ ಎಂಬ ಹುಡುಗ ಮಾಂಸದುಂಡೆಯನ್ನು ಚಪ್ಪಟೆ ಮಾಡಿ ಬ್ರೆಡ್‌ನಲ್ಲಿಟ್ಟು ಮಾರಿದ ಎನ್ನುತ್ತಾರೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಎಂಬ ಊರಿನ ಜಾತ್ರೆಯಲ್ಲಿ ಮೆಂಚಸ್ ಸಹೋದರರು ಮಾಡಿದ್ದೇ ಮೊದಲನೆಯದು ಎಂಬುದು ಮತ್ತೊಂದು ವಾದ. ಟೆಕ್ಸಾಸ್‌ನ ಅಥೆನ್ಸ್ ಊರಿಗೆ ಫ್ಲೆಚರ್ ಡೇವಿಸ್, ಓಕ್ಲಹೋಮಾದ ಟಲ್ಸಾಗೆ ಆಸ್ಕರ್ ಬಿಲ್ಬಿ. ಬನ್ ಇಲ್ಲದಿದ್ದರೆ ಅದು ಬರ್ಗರೇ ಅಲ್ಲ, 1891ರಲ್ಲಿ ಬನ್‌ನಲ್ಲಿ ಕೊಟ್ಟದ್ದು ಬಿಲ್ಬಿ ಎನ್ನುವುದು ಓಕ್ಲಹೋಮಾದವರ ಪಟ್ಟು.

ಹೆಸರಂತೂ ಜರ್ಮನಿಯ ಹ್ಯಾಂಬರ್ಗ್ ನಗರದ್ದು. 'ಹ್ಯಾಮ್' ಎಂದರೆ ಹಂದಿಮಾಂಸ, ಹಾಗಾಗಿ ಹ್ಯಾಂಬರ್ಗರ್ ಎಂದರೆ ಹಂದಿಮಾಂಸದ ತಿಂಡಿ ಎಂದುಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಮೂಲದಲ್ಲಿ ಅದು ಗೋಮಾಂಸದ್ದು. ಕೈಮಾದ 'ಹ್ಯಾಂಬರ್ಗ್ ಸ್ಟೀಕ್' 19ನೇ ಶತಮಾನದಲ್ಲೇ ಅಮೆರಿಕದ ಹೋಟೆಲ್‌ಗಳಲ್ಲಿ ತಟ್ಟೆಗೆ ಬರುತ್ತಿತ್ತು. ಅದನ್ನು ಬ್ರೆಡ್ ನಡುವೆ ಇಟ್ಟು ಮಾರುತ್ತಿದ್ದ ಉಲ್ಲೇಖ 1890ರ ದಶಕದ ಅಮೆರಿಕದ ಪತ್ರಿಕೆಗಳಲ್ಲಿಯೂ ಸಿಗುತ್ತದೆ. ಹೀಗಿರುವಾಗ 1900ರ ಕಥೆಯನ್ನು ಕುಟುಂಬದ ನೆನಪು ಎಂದು ಓದಿಕೊಳ್ಳುವುದೇ ಸರಿ. ಬಹುಶಃ ಹಲವು ಕಡೆ ಹಲವರಿಗೆ ಒಂದೇ ಕಾಲದಲ್ಲಿ ಹೊಳೆದ ಉಪಾಯವಿದು.

ಕಟ್ಟಡವೇ ಊರೊಳಗೆ ಪ್ರಯಾಣ ಹೊರಟಾಗ

ಎರಡನೇ ಮಹಾಯುದ್ಧದ ನಂತರ ಅಮೆರಿಕದ ನಗರಗಳಲ್ಲಿ ಹಳೆಯ ಪೇಟೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಭರಾಟೆ ಶುರುವಾಯಿತು. ಇದರಲ್ಲಿ ನ್ಯೂ ಹೇವನ್ ಮುಂಚೂಣಿಯಲ್ಲಿತ್ತು. 1954ರಿಂದ 1970ರ ಆರಂಭದವರೆಗೆ ಮೇಯರ್ ಆಗಿದ್ದ ರಿಚರ್ಡ್ ಲೀ ಕೇಂದ್ರ ಸರಕಾರದಿಂದ ಭಾರಿ ಅನುದಾನ ತಂದರು. ಊರಿನ ಗಾತ್ರಕ್ಕೆ ಹೋಲಿಸಿದರೆ ಇಷ್ಟು ಹಣ ಪಡೆದ ನಗರಗಳು ಬೆರಳೆಣಿಕೆಯಷ್ಟು. ಹೆದ್ದಾರಿಯ ಕೊಂಡಿ ರಸ್ತೆಯೊಂದಕ್ಕಾಗಿ ವಲಸಿಗರೇ ಹೆಚ್ಚಿದ್ದ ಓಕ್ ಸ್ಟ್ರೀಟ್ ಬಡಾವಣೆಯನ್ನು ಪೂರ್ತಿ ಕೆಡವಲಾಯಿತು. ಸಾವಿರಾರು ಜನ ಮನೆ, ಅಂಗಡಿ ಬಿಟ್ಟು ಹೋದರು. ರಸ್ತೆ ಅಗಲೀಕರಣದಲ್ಲಿ ಅಂಗಡಿ ಸಾಲುಗಳು ಕಾಣೆಯಾಗುವುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಲೂಯೀಸ್ ಲಂಚ್ ಆಗ ಟೆಂಪಲ್ ಸ್ಟ್ರೀಟ್ ಮತ್ತು ಜಾರ್ಜ್ ಸ್ಟ್ರೀಟ್ ಕೂಡುವ ಕಡೆ ಇತ್ತು. ಆ ಜಾಗ ವೈದ್ಯಕೀಯ ಕಟ್ಟಡಕ್ಕೆ ಬೇಕಾಯಿತು. ಲೂಯಿ ಅವರ ಮೊಮ್ಮಗ ಕೆನ್ ಲಾಸೆನ್ ಜಾಗ ಬಿಡಲು ಒಪ್ಪದೆ ವರ್ಷಗಟ್ಟಲೆ ಹೋರಾಡಿದರು. ಗಿರಾಕಿಗಳು ಬೆನ್ನಿಗೆ ನಿಂತರು. ಜಾಗ ಉಳಿಯಲಿಲ್ಲ, ಆದರೆ ಅಂಗಡಿ ಉಳಿಯಿತು. 1975ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ, ವಾಹನದ ಮೇಲಿಟ್ಟು, ಕ್ರೌನ್ ಸ್ಟ್ರೀಟ್‌ಗೆ ಸಾಗಿಸಲಾಯಿತು. ಹೊಸ ಜಾಗದಲ್ಲಿ ಗೋಡೆ ಕಟ್ಟಲು ಅಭಿಮಾನಿಗಳು ಬೇರೆ ಬೇರೆ ಕಡೆಗಳಿಂದ ಇಟ್ಟಿಗೆ ಕಳುಹಿಸಿಕೊಟ್ಟರು. ಆ ಬೆರಕೆ ಇಟ್ಟಿಗೆಗಳು ಗೋಡೆಯಲ್ಲಿ ಈಗಲೂ ಇವೆ. ಒಳಗೆ ಮರದ ಮೇಜುಗಳ ಮೇಲೆ ಹಳೆಯ ಗಿರಾಕಿಗಳು ಕೆತ್ತಿದ ಹೆಸರುಗಳೂ ಇವೆ.

ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಈ ಅವಧಿಯಲ್ಲೇ ಬರ್ಗರ್ ದೊಡ್ಡ ಉದ್ಯಮವಾಗಿ ಬೆಳೆಯಿತು. 1921ರಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ವೈಟ್ ಕಾಸಲ್, 1940ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೆಕ್‌ಡೊನಾಲ್ಡ್ ಸಹೋದರರ ಮೊದಲ ಹೋಟೆಲ್. 1996ರಲ್ಲಿ ದಿಲ್ಲಿ ಮತ್ತು ಮುಂಬೈಗೆ ಬಂದ ಮೆಕ್‌ಡೊನಾಲ್ಡ್ಸ್ ಇಲ್ಲಿಯ ಜನರಿಗಾಗಿ ದನ ಮತ್ತು ಹಂದಿ ಮಾಂಸ ಎರಡನ್ನೂ ಕೈಬಿಟ್ಟು ಆಲೂ ಟಿಕ್ಕಿ ಇಟ್ಟಿತು. ಊರಿಗೆ ತಕ್ಕಂತೆ ಬದಲಾಗಿದ್ದರಿಂದಲೇ ಬರ್ಗರ್ ಜಗತ್ತು ಸುತ್ತಿತು. ಲಾಸೆನ್ ಕುಟುಂಬ ಮಾಡಿದ್ದು ಇದಕ್ಕೆ ತೀರಾ ಉಲ್ಟಾ. ತಲೆಮಾರು ಬದಲಾಗಿ ಹೊಣೆ ಮರಿಮಗ ಜೆಫ್ ಲಾಸೆನ್ ಅವರಿಗೆ ಬಂದರೂ ಒಲೆ ಬದಲಾಗಲಿಲ್ಲ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವವರು ಅಲ್ಲಿಗೆ ಹೋಗುವುದಾದರೆ, ಯೇಲ್ ಆವರಣದಿಂದ ನಡೆದೇ ತಲುಪಬಹುದು. ಮಾಂಸವನ್ನು ಒಳಗೆ ಕೆಂಪಗೆ ಇರುವ ಹದಕ್ಕೆ ಬೇಯಿಸುವುದು ಅಲ್ಲಿಯ ರೂಢಿ, ಪೂರ್ತಿ ಬೆಂದಿರಬೇಕಿದ್ದರೆ ಮೊದಲೇ ಹೇಳಬೇಕು. ಸಸ್ಯಾಹಾರಿಗಳು ಮಾತ್ರ ಆಲೂಗಡ್ಡೆ ಸಲಾಡ್ ಮತ್ತು ಪೈಗೆ ಸಮಾಧಾನಪಟ್ಟುಕೊಳ್ಳಬೇಕು, ಅದೂ ಮೊಟ್ಟೆ ಹಾಕಿದ್ದಾರೆಯೇ ಎಂದು ವಿಚಾರಿಸಿಕೊಂಡು.