ಆಯುಸ್ಸಿನ ವೆಚ್ಚ: ಹಾಸನ ಸೀಮೆಯ ಚರಿತ್ರೆಯಿಂದ ಒಂದು ವಿಚಾರ

ನೂರು ವರ್ಷದ ಬಾಳೆಂಬುದು ಹಿಂದಿನವರ ಹರಕೆಯಾಗಿತ್ತೇ ಹೊರತು ಅನುಭವವಾಗಿರಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಆಯುಸ್ಸನ್ನು ಬೆಳೆಸುವ ವೆಚ್ಚವು ಒಂದು, ಬೆಳೆದ ಆಯುಸ್ಸನ್ನು ಪೋಷಿಸುವ ವೆಚ್ಚವು ಮತ್ತೊಂದು ಎಂಬುದು ವಿದಿತವಾಗುತ್ತದೆ.

ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು (1876-78) ಈ ಸೀಮೆಯನ್ನೊಳಗೊಂಡ ಮೈಸೂರು ಸಂಸ್ಥಾನವನ್ನೆಲ್ಲಾ ಪೀಡಿಸಿತು. 1871ರಲ್ಲಿ 50 ಲಕ್ಷಕ್ಕೆ ಮಿಗಿಲಾಗಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. 1898ರಲ್ಲಿ ಪ್ಲೇಗೂ 1918ರಲ್ಲಿ ಇನ್‌ಫ್ಲೂಯೆಂಜಾ ಜ್ವರವೂ ಬಂದುವು. ಮಲೆನಾಡಿನ ಸೆರಗಿನಲ್ಲಿ ಚಳಿಜ್ವರವು ನೆಲೆಸಿಯೇ ಇದ್ದಿತು. ಈ ಮೃತ್ಯುಗಳನ್ನು ಹಿಮ್ಮೆಟ್ಟಿಸಿದುವು ಬೆಲೆಯುಳ್ಳ ಔಷಧಗಳಲ್ಲ. ಧಾನ್ಯವನ್ನು ಸಾಗಿಸುವ ರೈಲು, ದೇವಿ ಹಾಕುವ ಏರ್ಪಾಡು, ಶುದ್ಧವಾದ ನೀರು, 1953ರ ತರುವಾಯ ಮನೆಮನೆಗೂ ಸಿಂಪಡಿಸಿದ ಡಿ.ಡಿ.ಟಿ. ಇವೇ ಮುಖ್ಯ ಸಾಧನಗಳು. ತಲೆಯೊಂದಕ್ಕೆ ತಗಲಿದ ವೆಚ್ಚವು ಅಲ್ಪ. ಅದನ್ನು ವಹಿಸಿದ್ದು ಬಹುಮಟ್ಟಿಗೆ ಬೊಕ್ಕಸ. 1941-51ರ ದಶಕದಲ್ಲಿ ಸುಮಾರು 32 ವರ್ಷವಾಗಿದ್ದ ಭಾರತೀಯರ ಸರಾಸರಿ ಆಯುರ್ಮಾನವು ಈಗ 70ರ ಸಮೀಪದಲ್ಲಿದೆ.

ಎರಡನೆಯ ವೆಚ್ಚದ ಸ್ವರೂಪವೇ ಬೇರೆ. ಪ್ಲೇಗು ವಾರದೊಳಗೆ ತೀರ್ಮಾನವಾಗುತ್ತಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಇಪ್ಪತ್ತು ವರ್ಷ ಜೊತೆಗಿರತಕ್ಕವು. ತಿಂಗಳು ತಿಂಗಳೂ ಮಾತ್ರೆ, ಹಾಸನದ ಆಸ್ಪತ್ರೆಗೆ ಪ್ರಯಾಣ, ಬಳಿಯಲ್ಲಿ ಆರೈಕೆ ಮಾಡುವವರ ಕೂಲಿನಷ್ಟ, ಇವೆಲ್ಲವೂ ಸಂಸಾರದ ಲೆಕ್ಕಕ್ಕೆ ಸೇರುತ್ತವೆ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಆರೈಕೆಗೂ ಹಣ ತೆರಬೇಕಾಗುತ್ತದೆ. 1965ರಲ್ಲಿ ರಾಜ್ಯದಲ್ಲಿ ವೃದ್ಧಾಪ್ಯ ವೇತನವೂ 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ ಯೋಜನೆಯೂ ಏರ್ಪಟ್ಟುವು. 2024ರಲ್ಲಿ ಆಯುಷ್ಮಾನ್ ಭಾರತ ಯೋಜನೆಯು 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಲ್ಪಟ್ಟಿತು. ದೇಶದ ಆರೋಗ್ಯವೆಚ್ಚದಲ್ಲಿ ಜನರು ನೇರವಾಗಿ ತೆರುವ ಪಾಲು 2013-14ರಲ್ಲಿ ನೂರಕ್ಕೆ 64 ಇದ್ದುದು 2021-22ರಲ್ಲಿ 39ಕ್ಕೆ ಇಳಿದಿದೆ. ಆದರೂ ಯಶಸ್ವಿನಿ, ಆಯುಷ್ಮಾನ್ ಮೊದಲಾದುವು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ಒದಗತಕ್ಕವು; ಮನೆಯಲ್ಲಿ ನುಂಗುವ ಮಾತ್ರೆಗೂ ಆರೈಕೆಗೂ ಅವುಗಳಿಂದ ದೊರೆಯುವ ನೆರವು ಕಡಮೆ.

ಇಲ್ಲಿ ಕನ್ನಡನಾಡಿನ ಹಳೆಯ ಪದ್ಧತಿಯೊಂದು ಸ್ಮರಣೀಯವಾಗಿದೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಆ ಸ್ಥಾನವನ್ನು ದೀನರಿಗೂ ಅಂಗಹೀನರಿಗೂ ಅನ್ನವನ್ನೀಯುವ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದು ವರ್ಣಿಸುತ್ತದೆ. ಇಂಥ ಸ್ಥಾನಗಳು ಒಮ್ಮೆ ಕೊಟ್ಟ ಹಣದಿಂದಲ್ಲ, ದತ್ತಿಬಿಟ್ಟ ಭೂಮಿಯ ವರ್ಷವರ್ಷದ ಹುಟ್ಟುವಳಿಯಿಂದ ನಡೆಯುತ್ತಿದ್ದುವು. ನಿತ್ಯದ ವೆಚ್ಚಕ್ಕೆ ನಿತ್ಯದ ಆದಾಯವೇ ಆಧಾರವೆಂಬ ಆ ತತ್ತ್ವವು ಇಂದಿನ ಮುಪ್ಪಿಗೂ ಅನ್ವಯಿಸುತ್ತದೆ. ಆಯುಸ್ಸು ಬೆಳೆದಿದೆ, ಅದಕ್ಕೆ ತಕ್ಕ ದತ್ತಿಯು ಇನ್ನೂ ಪೂರ್ಣವಾಗಿ ಏರ್ಪಟ್ಟಿಲ್ಲ.