ನಂಬಿಕೆ ಬೇಡದ ಒಪ್ಪಂದ: ಸಿಂಧೂ ಜಲ ಮತ್ತು ರಾಷ್ಟ್ರಗಳ ಸಹಕಾರ

1948ರ ಏಪ್ರಿಲ್ 1ರಂದು ಪೂರ್ವ ಪಂಜಾಬಿನ ಸರ್ಕಾರವು ರಾವಿ ನದಿಯ ಮಾಧೋಪುರ ಮತ್ತು ಸಟ್ಲೆಜ್ ನದಿಯ ಫಿರೋಜ್‌ಪುರದಿಂದ ಪಾಕಿಸ್ತಾನಕ್ಕೆ ಹರಿಯುತ್ತಿದ್ದ ಕಾಲುವೆಗಳ ನೀರನ್ನು ನಿಲ್ಲಿಸಿತು. ದೇಶ ವಿಭಜನೆಯಾಗಿ ಆಗಿನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಪಂಜಾಬನ್ನು ಒಂದೇ ಪ್ರಾಂತವೆಂದು ಎಣಿಸಿ ಬ್ರಿಟಿಷ್ ಎಂಜಿನಿಯರುಗಳು ಕಟ್ಟಿದ್ದ ಕಾಲುವೆಗಳ ಜಾಲವನ್ನು ರಾಡ್‌ಕ್ಲಿಫ್ ಎಳೆದ ಗೆರೆ ನಡುವೆಯೇ ಕತ್ತರಿಸಿತ್ತು. ನೀರು ಬಿಡುವ ಬಾಗಿಲುಗಳು ಭಾರತದಲ್ಲಿ ಉಳಿದವು. ಆ ನೀರನ್ನೇ ನಂಬಿದ ಹೊಲಗಳು ಪಾಕಿಸ್ತಾನಕ್ಕೆ ಸೇರಿದವು. ಎರಡು ಪಂಜಾಬುಗಳ ಎಂಜಿನಿಯರುಗಳು 1947ರ ಡಿಸೆಂಬರಿನಲ್ಲಿ ಮಾಡಿಕೊಂಡಿದ್ದ ಯಥಾಸ್ಥಿತಿಯ ಕರಾರು ಮಾರ್ಚ್ 31ಕ್ಕೆ ಮುಗಿದಿತ್ತು. ಮರುದಿನವೇ ಕಾಲುವೆಗಳು ಒಣಗತೊಡಗಿದವು.

ಅದೇ 1948ರಲ್ಲಿ ಅಮೆರಿಕದಲ್ಲಿ ಹಾನ್ಸ್ ಮಾರ್ಗೆಂಥೋ ಅವರ ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ ಎಂಬ ಗ್ರಂಥ ಹೊರಬಂದಿತು. ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನದಲ್ಲಿ ವಾಸ್ತವವಾದವೆಂದು ಹೆಸರಾದ ಪಂಥಕ್ಕೆ ಅದು ಇಪ್ಪತ್ತನೆಯ ಶತಮಾನದ ಮೂಲಪಠ್ಯ. ರಾಷ್ಟ್ರಗಳು ತಮ್ಮ ಹಿತವನ್ನು ಬಲದ ಭಾಷೆಯಲ್ಲಿಯೇ ಗ್ರಹಿಸುತ್ತವೆ ಎಂಬುದು ಅದರ ತಿರುಳು. ಈ ಮಾತು ಭಾರತೀಯರಿಗೆ ಹೊಸದಾಗಿರಲಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಅದನ್ನು ಎಷ್ಟೋ ಶತಮಾನಗಳ ಹಿಂದೆಯೇ ಸೂತ್ರೀಕರಿಸಿತ್ತು. ಗಡಿಗೆ ಅಂಟಿದ ರಾಜನು ಸಹಜವಾಗಿ ಶತ್ರು, ಅವನಾಚೆಯವನು ಮಿತ್ರ ಎಂಬ ಮಂಡಲ ಸಿದ್ಧಾಂತ ಅಲ್ಲಿದೆ. ಷಾಡ್ಗುಣ್ಯಗಳ ಪಟ್ಟಿಯಲ್ಲಿ ಸಂಧಿಯೂ ಒಂದು. ಆದರೆ ಕೌಟಿಲ್ಯನಿಗೆ ಸಂಧಿಯೆಂಬುದು ಸದ್ಗುಣವಲ್ಲ, ತನ್ನ ಬಲ ಕಡಿಮೆಯಿರುವಾಗ ಅನುಸರಿಸಬೇಕಾದ ನೀತಿ.

ಆ ವರ್ಷ ಮೇ 4ರಂದು ದೆಹಲಿಯಲ್ಲಿ ಆದ ಒಪ್ಪಂದವನ್ನು ಕೌಟಿಲ್ಯನ ಕಣ್ಣಿನಿಂದಲೇ ಓದಬಹುದು. ನೀರು ಮತ್ತೆ ಹರಿಯಿತು. ಆದರೆ ಬದಲಿ ಮೂಲಗಳನ್ನು ಹುಡುಕಿಕೊಳ್ಳಲು ಪಾಕಿಸ್ತಾನಕ್ಕೆ ಕಾಲಾವಕಾಶ ಕೊಟ್ಟು ಪ್ರಮಾಣವನ್ನು ಕ್ರಮೇಣ ತಗ್ಗಿಸುವುದಾಗಿ ಭಾರತದ ಪಕ್ಷ ಹೇಳಿತು. ಒತ್ತಡದ ಕೆಳಗೆ ಸಹಿ ಹಾಕಬೇಕಾಯಿತೆಂದು ಪಾಕಿಸ್ತಾನ ಮುಂದೆ ವಾದಿಸಿತು. ನದಿಯ ಮೇಲ್ಭಾಗದಲ್ಲಿರುವವನ ಕೈ ಮೇಲು ಎಂಬುದೇ ಕಥೆಯ ಪೂರ್ಣ ಸಾರವಾಗಿದ್ದರೆ, ಇತಿಹಾಸ ಇಲ್ಲಿಗೇ ನಿಲ್ಲಬೇಕಿತ್ತು.

ಕಾವೇರಿಯ ವ್ಯಾಜ್ಯವನ್ನು ಬಲ್ಲ ಕನ್ನಡಿಗರಿಗೆ ಈ ಸರಳ ಸೂತ್ರದ ದೋಷ ಬೇಗ ಕಾಣುತ್ತದೆ. 1892ರ ಮತ್ತು 1924ರ ಒಪ್ಪಂದಗಳಲ್ಲಿ ನದಿಯ ಮೇಲ್ಭಾಗದಲ್ಲಿದ್ದುದು ಮೈಸೂರು ಸಂಸ್ಥಾನ. ಆದರೆ ಕೈ ಮೇಲಾಗಿದ್ದುದು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಮದರಾಸು ಪ್ರಾಂತದ್ದು. ಭೂಗೋಳ ಕೊಟ್ಟ ಬಲವನ್ನು ಸಾಮ್ರಾಜ್ಯದ ಬಲ ಅಡಗಿಸಿತು. ಕಾವೇರಿಗೂ ಸಿಂಧುವಿಗೂ ಇನ್ನೊಂದು ಭೇದವಿದೆ. ಸ್ವಾತಂತ್ರ್ಯಾನಂತರ ಕರ್ನಾಟಕ ಮತ್ತು ತಮಿಳುನಾಡಿನ ಮೇಲೆ ಒಂದು ನ್ಯಾಯಮಂಡಳಿ, ಅದರ ಮೇಲೆ ಸುಪ್ರೀಂ ಕೋರ್ಟು ಇತ್ತು. 2018ರ ತೀರ್ಪು ಯಾರಿಗೆ ಸಿಹಿ, ಯಾರಿಗೆ ಕಹಿ ಎಂಬುದು ಬೇರೆ ಮಾತು, ಅದನ್ನು ಕೊಡಬಲ್ಲ ಪೀಠವೊಂದು ಇತ್ತು. ಸ್ವತಂತ್ರ ರಾಷ್ಟ್ರಗಳ ಮೇಲೆ, ಅವುಗಳ ಒಪ್ಪಿಗೆಯಿಲ್ಲದೆ ತೀರ್ಪು ಕೊಟ್ಟು ಜಾರಿಮಾಡುವ ಅಂಥ ಪೀಠವಿಲ್ಲ. ಸಿದ್ಧಾಂತಿಗಳು ಇದನ್ನೇ ಅರಾಜಕತೆ ಎಂದು ಕರೆಯುತ್ತಾರೆ. ಆ ಶಬ್ದಕ್ಕೆ ಅವರಲ್ಲಿ ಗೊಂದಲ, ಗಲಭೆ ಎಂಬ ಅರ್ಥವಿಲ್ಲ; ಮೇಲೊಬ್ಬ ಅರಸನಿಲ್ಲದ ಸ್ಥಿತಿ ಎಂದಷ್ಟೇ ಅರ್ಥ. ಅಂಥ ಸ್ಥಿತಿಯಲ್ಲಿ ಇಬ್ಬರು ವೈರಿಗಳು ಕೊಟ್ಟ ಮಾತಿನಂತೆ ನಡೆಯುವುದು ಹೇಗೆ ಎಂಬುದೇ ಈ ಶಾಸ್ತ್ರದ ಮೂಲಪ್ರಶ್ನೆ.

ಮೊದಲ ಉತ್ತರವನ್ನು ಕೊಟ್ಟವರು ಡೇವಿಡ್ ಲಿಲಿಯೆಂಥಾಲ್. ಅಮೆರಿಕದ ಟೆನೆಸೀ ಕಣಿವೆ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಅವರು 1951ರಲ್ಲಿ ಭಾರತ, ಪಾಕಿಸ್ತಾನಗಳಲ್ಲಿ ಸಂಚರಿಸಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. ಸಿಂಧೂ ಕಣಿವೆಯನ್ನು ಒಂದು ಘಟಕವಾಗಿ ಎರಡೂ ದೇಶಗಳು ಕೂಡಿ ಅಭಿವೃದ್ಧಿಪಡಿಸಲಿ, ವಿಶ್ವಬ್ಯಾಂಕ್ ನೆರವಾಗಲಿ ಎಂಬುದು ಅವರ ಸಲಹೆ. ರಾಜಕೀಯವನ್ನು ಬದಿಗಿಟ್ಟು ಎಂಜಿನಿಯರುಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರೆ, ಕೂಡಿ ದುಡಿಯುವ ಅಭ್ಯಾಸವೇ ಹಗೆಯನ್ನು ಕರಗಿಸುತ್ತದೆ ಎಂಬ ಉದಾರವಾದಿ ನಂಬಿಕೆ ಅದರ ಹಿಂದಿತ್ತು. ಅದೇ ವರ್ಷ ಯುರೋಪಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಇತರ ನಾಲ್ಕು ದೇಶಗಳು ಕಲ್ಲಿದ್ದಲು ಹಾಗೂ ಉಕ್ಕಿನ ಉದ್ಯಮಗಳನ್ನು ಒಂದೇ ಪ್ರಾಧಿಕಾರದ ಕೆಳಗೆ ತರುವ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದ್ದವು.

ವಿಶ್ವಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಸಲಹೆಯನ್ನು ಎತ್ತಿಕೊಂಡರು. 1952ರಲ್ಲಿ ವಾಷಿಂಗ್ಟನ್ನಿನಲ್ಲಿ ಎಂಜಿನಿಯರುಗಳ ಸಭೆಗಳು ಆರಂಭವಾದವು. ಎರಡು ವರ್ಷ ಕಳೆಯುವುದರೊಳಗೆ ಲಿಲಿಯೆಂಥಾಲರ ಕನಸು ಮುರಿದುಬಿತ್ತು. ಒಂದೇ ಘಟಕವಾಗಿ ನಡೆಸಬೇಕೆಂದರೆ ತನ್ನ ಅಣೆಕಟ್ಟಿನ ಬಾಗಿಲು ಎಷ್ಟು ತೆರೆಯಬೇಕೆಂಬುದನ್ನು ಪ್ರತಿ ಹಂಗಾಮಿನಲ್ಲೂ ಇನ್ನೊಬ್ಬನೊಡನೆ ಕುಳಿತು ತೀರ್ಮಾನಿಸಬೇಕು. ಅಷ್ಟು ನಂಬಿಕೆ ಇಬ್ಬರಲ್ಲೂ ಇರಲಿಲ್ಲ. 1954ರ ಫೆಬ್ರವರಿಯಲ್ಲಿ ಬ್ಯಾಂಕ್ ಬೇರೆಯದೇ ಪ್ರಸ್ತಾವವನ್ನು ಮುಂದಿಟ್ಟಿತು: ನೀರನ್ನು ಹಂಚುವುದು ಬೇಡ, ನದಿಗಳನ್ನೇ ಹಂಚೋಣ.

1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಸಿಂಧೂ ಜಲ ಒಪ್ಪಂದ ಈ ಪ್ರಸ್ತಾವದ ಫಲ. ಪೂರ್ವದ ರಾವಿ, ಬಿಯಾಸ್, ಸಟ್ಲೆಜ್ ನದಿಗಳು ಭಾರತಕ್ಕೆ. ಪಶ್ಚಿಮದ ಸಿಂಧೂ, ಝೇಲಂ, ಚಿನಾಬ್ ಪಾಕಿಸ್ತಾನಕ್ಕೆ. ಒಟ್ಟು ಹರಿವಿನಲ್ಲಿ ಶೇ. 80ರಷ್ಟು ಪಶ್ಚಿಮದ ನದಿಗಳದ್ದು. ಅವುಗಳ ಮೇಲೆ ಭಾರತವು ನೀರನ್ನು ತಡೆದಿಡದೆ ವಿದ್ಯುತ್ ತಯಾರಿಸಬಹುದು. ನೀರಾವರಿಗೂ ಸಂಗ್ರಹಕ್ಕೂ ಕಟ್ಟುನಿಟ್ಟಾದ ಮಿತಿಯಿದೆ. ಪೂರ್ವದ ನದಿಗಳನ್ನು ಕಳೆದುಕೊಂಡ ಪಾಕಿಸ್ತಾನವು ಪಶ್ಚಿಮದಿಂದ ನೀರು ತರುವ ಜೋಡುಕಾಲುವೆಗಳನ್ನು ಕಟ್ಟಿಕೊಳ್ಳಬೇಕಿತ್ತು. ಅದಕ್ಕಾಗಿ ಭಾರತ ಹತ್ತು ವಾರ್ಷಿಕ ಕಂತುಗಳಲ್ಲಿ 6 ಕೋಟಿ 20 ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೊಡಲು ಒಪ್ಪಿತು. ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪಶ್ಚಿಮ ಜರ್ಮನಿ ಮತ್ತು ವಿಶ್ವಬ್ಯಾಂಕಿನಿಂದ ಬಂದಿತು.

ಎರಡೂ ದೇಶಗಳಲ್ಲಿ ಒಪ್ಪಂದದ ಮೇಲೆ ಟೀಕೆಗಳಾದವು. ಇಷ್ಟೊಂದು ನೀರು ಬಿಟ್ಟುಕೊಟ್ಟು ಮೇಲೆ ಹಣವನ್ನೂ ಕೊಡುವುದೇಕೆ ಎಂದು ಅದೇ ನವೆಂಬರಿನಲ್ಲಿ ಲೋಕಸಭೆಯ ಸದಸ್ಯರು ನೆಹರೂ ಅವರನ್ನು ಪ್ರಶ್ನಿಸಿದರು. ಮೂರು ನದಿಗಳನ್ನು ಶಾಶ್ವತವಾಗಿ ಮಾರಿದಂತಾಯಿತು ಎಂಬ ಕೊರಗು ಪಾಕಿಸ್ತಾನದಲ್ಲಿ ಉಳಿಯಿತು.

ಈಗ ಸಿದ್ಧಾಂತಗಳನ್ನು ಒಂದೊಂದಾಗಿ ಒಪ್ಪಂದದ ಮೇಲಿಟ್ಟು ನೋಡೋಣ. ಬಲಶಾಲಿಯಾದ ಯಜಮಾನ ರಾಷ್ಟ್ರವೊಂದು ಖರ್ಚು ಹೊತ್ತರೆ ಮಾತ್ರ ಸಹಕಾರ ನೆಲೆಗೊಳ್ಳುತ್ತದೆ ಎಂಬ ವಾದವೊಂದಿದೆ. ಶೀತಲ ಸಮರದ ಕಾಲದಲ್ಲಿ ಅಮೆರಿಕ ಮತ್ತು ಅದರ ಮಿತ್ರರು ಸುರಿದ ಹಣವಿಲ್ಲದೆ ಪಾಕಿಸ್ತಾನದ ಮಂಗ್ಲಾ, ತರ್ಬೇಲಾ ಅಣೆಕಟ್ಟುಗಳು ಎದ್ದುನಿಲ್ಲುತ್ತಿದ್ದವೇ ಎಂದು ಕೇಳಿದರೆ, ಆ ವಾದಕ್ಕೆ ತೂಕವಿದೆ. ತನಗೆಷ್ಟು ಸಿಕ್ಕಿತು ಎಂಬುದಕ್ಕಿಂತ ಎದುರಾಳಿಗೆ ತನಗಿಂತ ಹೆಚ್ಚು ಸಿಕ್ಕಿತೇ ಎಂದು ರಾಷ್ಟ್ರಗಳು ಲೆಕ್ಕ ಹಾಕುತ್ತವೆ ಎಂಬುದು ವಾಸ್ತವವಾದಿಗಳ ಇನ್ನೊಂದು ಮಾತು. ಕೂಡಿ ಕಟ್ಟಿದ್ದರೆ ಒಟ್ಟು ಲಾಭ ಹೆಚ್ಚಾಗುತ್ತಿತ್ತು. ಆದರೂ ಇಬ್ಬರೂ ಪ್ರತ್ಯೇಕತೆಯನ್ನೇ ಆರಿಸಿಕೊಂಡದ್ದು ಈ ಮಾತಿಗೆ ಸಾಕ್ಷಿ.

ಆದರೆ ಮುಂದಿನ ಅರವತ್ತು ವರ್ಷಗಳನ್ನು ವಾಸ್ತವವಾದ ವಿವರಿಸಲಾರದು. 1965ರಲ್ಲಿ ಯುದ್ಧವಾಯಿತು, 1971ರಲ್ಲಿ ಮತ್ತೊಂದು, 1999ರಲ್ಲಿ ಕಾರ್ಗಿಲ್. ಒಪ್ಪಂದ ಮುರಿಯಲಿಲ್ಲ. 1965ರ ಯುದ್ಧದ ವರ್ಷದಲ್ಲೂ ಭಾರತ ತನ್ನ ಕಂತನ್ನು ತಪ್ಪಿಸಲಿಲ್ಲ. ಒಪ್ಪಂದ ರಚಿಸಿದ ಕಾಯಂ ಸಿಂಧೂ ಆಯೋಗದಲ್ಲಿ ಎರಡೂ ದೇಶಗಳ ಒಬ್ಬೊಬ್ಬ ಆಯುಕ್ತರಿದ್ದು, ಅವರು ವರ್ಷಕ್ಕೊಮ್ಮೆಯಾದರೂ ಭೇಟಿಯಾಗಬೇಕು, ಹರಿವಿನ ಅಂಕಿಅಂಶಗಳನ್ನು ವಿನಿಮಯ ಮಾಡಿಕೊಳ್ಳಬೇಕು. ಭಿನ್ನಾಭಿಪ್ರಾಯ ಬಂದರೆ ಮೊದಲು ಆಯೋಗ, ಅನಂತರ ತಟಸ್ಥ ತಜ್ಞ ಅಥವಾ ಮಧ್ಯಸ್ಥಿಕೆ ನ್ಯಾಯಾಲಯ.

1984ರಲ್ಲಿ ಎರಡು ಪುಸ್ತಕಗಳು ಇಂಥ ವ್ಯವಸ್ಥೆಯ ಗುಟ್ಟನ್ನು ಬಿಡಿಸಲು ಯತ್ನಿಸಿದವು. ರಾಬರ್ಟ್ ಕಿಯೊಹೇನ್ ‘ಆಫ್ಟರ್ ಹೆಜೆಮೊನಿ’ಯಲ್ಲಿ, ಯಜಮಾನನ ಬಲ ಕುಗ್ಗಿದ ಮೇಲೂ ಸಂಸ್ಥೆಗಳು ಸಹಕಾರವನ್ನು ಕಾಪಾಡಬಲ್ಲವು ಎಂದು ವಾದಿಸಿದರು, ಏಕೆಂದರೆ ಅವು ಮಾಹಿತಿಯನ್ನು ಒದಗಿಸುತ್ತವೆ, ಮೋಸವನ್ನು ಬೇಗ ಬಯಲಿಗೆಳೆಯುತ್ತವೆ. ರಾಬರ್ಟ್ ಆಕ್ಸೆಲ್‌ರಾಡ್ ‘ದಿ ಎವಲ್ಯೂಷನ್ ಆಫ್ ಕೋಆಪರೇಷನ್’ನಲ್ಲಿ, ನಾಳೆಯೂ ಇವನ ಮುಖ ನೋಡಬೇಕು ಎಂಬ ಅರಿವಿದ್ದರೆ ಸ್ವಾರ್ಥಿಗಳೂ ಪರಸ್ಪರ ಸಹಕರಿಸುತ್ತಾರೆ ಎಂದು ತೋರಿಸಿದರು. ಇಬ್ಬರ ಲೆಕ್ಕದಲ್ಲೂ ಸ್ನೇಹಕ್ಕೆ ಜಾಗವಿಲ್ಲ. ಅಳೆದು ನೋಡಬಹುದಾದ ಮಾತು, ಮುಗಿಯದ ನಾಳೆ, ಇವೆರಡಿದ್ದರೆ ಸಾಕು. ಸಿಂಧೂ ಆಯೋಗ ಈ ಲೆಕ್ಕಕ್ಕೆ ಮಾಡಿಸಿಟ್ಟಂತಿತ್ತು.

ಆದರೆ ಅದರ ಬೆಲೆಯೂ ಅಲ್ಲಿಯೇ ಅಡಗಿತ್ತು. ನಂಬಿಕೆಯ ಅಗತ್ಯವೇ ಬಾರದಂತೆ ಹೆಣೆದ ಒಪ್ಪಂದ, ನಂಬಿಕೆಯನ್ನು ಬೆಳೆಸುವ ಸಂದರ್ಭಗಳನ್ನೂ ತಾನೇ ಕಿತ್ತುಹಾಕಿತು. ಯುರೋಪಿನ ಆರು ದೇಶಗಳು ಕಲ್ಲಿದ್ದಲು ಮತ್ತು ಉಕ್ಕಿನ ಮೂಲಕ ಒಬ್ಬರನ್ನೊಬ್ಬರು ಅವಲಂಬಿಸುವ ದಾರಿ ಹಿಡಿದವು. ಸಿಂಧೂ ಒಪ್ಪಂದ ಅವಲಂಬನೆಯನ್ನು ಆದಷ್ಟು ಕಡಿಮೆ ಮಾಡುವ ದಾರಿ ಹಿಡಿಯಿತು. ಫಲವಾಗಿ ಚಿನಾಬ್, ಝೇಲಂಗಳ ಮೇಲೆ ಭಾರತ ಕಟ್ಟಲು ಹೊರಟ ಹಲವು ಯೋಜನೆಗಳು, ಕಾಗದದಲ್ಲಿ ಬರೆದ ಮಿತಿಗಳ ಅರ್ಥವನ್ನು ಕುರಿತ ವ್ಯಾಜ್ಯಗಳಾದವು. ಸಲಾಲ್ ಯೋಜನೆಯಲ್ಲಿ 1978ರ ಒಪ್ಪಂದಕ್ಕಾಗಿ ಭಾರತ ಅಣೆಕಟ್ಟಿನ ಕೆಳತೂಬುಗಳನ್ನು ಬಿಟ್ಟುಕೊಟ್ಟಿತು. ಜಲಾಶಯದಲ್ಲಿ ಹೂಳು ತುಂಬಿತು. ಉಲಾರ್ ಸರೋವರದ ಬಾಯಿಯಲ್ಲಿ ಕೈಗೊಂಡ ತುಲ್‌ಬುಲ್ ಕಾಮಗಾರಿ ಪಾಕಿಸ್ತಾನದ ಆಕ್ಷೇಪದಿಂದ 1987ರಲ್ಲಿ ನಿಂತಿತು. ಬಗ್ಲಿಹಾರ್ ಯೋಜನೆಯ ಬಗ್ಗೆ ತಟಸ್ಥ ತಜ್ಞ ರೇಮಂಡ್ ಲಫಿಟ್ 2007ರಲ್ಲಿ ಅಭಿಪ್ರಾಯ ಕೊಟ್ಟರು. ಕಿಶನ್‌ಗಂಗಾ ಕುರಿತು ಮಧ್ಯಸ್ಥಿಕೆ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. ನಿಯಮಗಳು ಕೆಲಸ ಮಾಡಿದವು. ಸಂಶಯ ಮಾತ್ರ ಪ್ರತಿಯೊಂದು ತೀರ್ಪಿನ ನಂತರವೂ ಇದ್ದಲ್ಲಿಯೇ ಇತ್ತು.

ಈ ಲೆಕ್ಕದಲ್ಲಿ ಹೆಸರೇ ಬಾರದವರೊಬ್ಬರಿದ್ದರು. ಝೇಲಂ, ಚಿನಾಬ್ ನದಿಗಳ ದಂಡೆಯಲ್ಲಿ ಬದುಕುವ ಜಮ್ಮು ಮತ್ತು ಕಾಶ್ಮೀರದ ಜನರ ನೀರಾವರಿಗೆ, ಜಲವಿದ್ಯುತ್ತಿಗೆ ಮಿತಿ ಬಿದ್ದದ್ದು ಕರಾಚಿಯ ಆ ಸಹಿಗಳಿಂದ. ಒಪ್ಪಂದವನ್ನು ಮರುಪರಿಶೀಲಿಸಬೇಕೆಂದು 2002ರಲ್ಲಿ ಅಲ್ಲಿನ ವಿಧಾನಸಭೆ ನಿರ್ಣಯ ಮಾಡಿತು. ರಾಷ್ಟ್ರವನ್ನು ಒಂದೇ ಮನಸ್ಸಿನ ವ್ಯಕ್ತಿಯಂತೆ ಎಣಿಸುವ ಈ ಎಲ್ಲ ಸಿದ್ಧಾಂತಗಳಿಗೂ ಅಂಥ ನಿರ್ಣಯವನ್ನು ಎಲ್ಲಿಡಬೇಕೆಂಬುದು ತಿಳಿಯದು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಮರುದಿನ ಭಾರತ ಸರ್ಕಾರ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಗಡಿಯಾಚೆಯ ಭಯೋತ್ಪಾದನೆಗೆ ಪಾಕಿಸ್ತಾನ ಬೆಂಬಲ ನಿಲ್ಲಿಸುವವರೆಗೂ ಇದು ಹೀಗೆಯೇ ಇರುವುದೆಂದು ಭಾರತ ಹೇಳಿತು. ಏಕಪಕ್ಷೀಯವಾಗಿ ಹಾಗೆ ಮಾಡಲು ಒಪ್ಪಂದದಲ್ಲಿ ಅವಕಾಶವಿಲ್ಲವೆಂದು ಪಾಕಿಸ್ತಾನ ಹೇಳಿತು. ಮೂರು ಸಂಘರ್ಷಗಳು ಮಾಡದಿದ್ದುದನ್ನು ಈ ಏಪ್ರಿಲ್ ಮಾಡಿತು. ಹಾಗೆಂದು ಮರುದಿನವೇ ನದಿಗಳು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಹಿಮ ಕರಗಿ ಧುಮ್ಮಿಕ್ಕುವ ಪಶ್ಚಿಮದ ನದಿಗಳನ್ನು ಹಿಡಿದಿಡಲು ಬೇಕಾದ ಜಲಾಶಯಗಳು, ಕಾಲುವೆಗಳು ಭಾರತದಲ್ಲಿ ಇಲ್ಲ; ಕಟ್ಟಲು ವರ್ಷಗಳು ಬೇಕು. ತಕ್ಷಣ ನಿಂತದ್ದು ಆಯೋಗದ ಭೇಟಿಗಳು, ಅಂಕಿಅಂಶಗಳ ನಿಯತ ವಿನಿಮಯ. ಎಂದರೆ ಕಿಯೊಹೇನ್ ಯಾವುದನ್ನು ಸಹಕಾರದ ಉಸಿರೆಂದರೋ ಅದು.

ವಾಸ್ತವವಾದಿಗಳು ಇದನ್ನು ಕಂಡು, ಕಾಗದ ಕೊನೆಗೂ ಕಾಗದವೇ ಎನ್ನಬಹುದು. ಸಂಸ್ಥಾವಾದಿಗಳು, 65 ವರ್ಷ ಬಾಳಿದ ಕಾಗದವನ್ನು ಹಗುರವಾಗಿ ಕಾಣಬಾರದು ಎನ್ನಬಹುದು. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಈ ಇತಿಹಾಸ ಕಲಿಸುವುದು ಇನ್ನೂ ಒಂದು ಸಂಗತಿ. ನಂಬಿಕೆಯಿಲ್ಲದೆ ಸಹಕಾರವನ್ನು ಆರಂಭಿಸಬಹುದು, ಬಹುಕಾಲ ನಡೆಸಲೂಬಹುದು. ಆದರೆ ದೊರೆತ ಆ ಕಾಲವನ್ನು ನಂಬಿಕೆ ಕಟ್ಟಲು ಬಳಸದೆ ಹೋದರೆ, ನೀರಿಗೆ ಸಂಬಂಧವೇ ಇಲ್ಲದ ಪೆಟ್ಟೊಂದು ಬಿದ್ದಾಗ ಒಪ್ಪಂದವನ್ನು ಎತ್ತಿ ಹಿಡಿಯುವವರು ಎರಡೂ ಕಡೆ ಇರುವುದಿಲ್ಲ.

1960ರಲ್ಲಿ ಒಪ್ಪಂದ ಬರೆದವರು ನದಿಗಳ ಹರಿವು ಹಿಂದಿನಂತೆಯೇ ಮುಂದೆಯೂ ಇರುವುದೆಂದು ಭಾವಿಸಿದ್ದರು. ಇಂದು ಹಿಮಾಲಯದ ಹಿಮನದಿಗಳು ಕರಗುತ್ತಿವೆ, ಎರಡೂ ಪಂಜಾಬುಗಳ ಅಂತರ್ಜಲ ಕುಸಿಯುತ್ತಿದೆ. ಹಿಮನದಿಯನ್ನೂ ಅಂತರ್ಜಲವನ್ನೂ ಮೂರು ಇವನಿಗೆ, ಮೂರು ಅವನಿಗೆ ಎಂದು ಹಂಚಲಾಗುವುದಿಲ್ಲ. ಮುಂದೊಂದು ದಿನ ಈ ಎರಡು ದೇಶಗಳು ಮತ್ತೆ ಮೇಜಿನ ಮುಂದೆ ಕುಳಿತರೆ, 1954ರಲ್ಲಿ ಬದಿಗಿಟ್ಟ ಲಿಲಿಯೆಂಥಾಲರ ಕಷ್ಟದ ಸಲಹೆಯಿಂದಲೇ ಮಾತು ತೊಡಗಬೇಕಾದೀತು.